ಕಾದ ತಗಡು ಮತ್ತು ಕುಂದುವ ಕಿವಿ

— ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ, ಮೆಹಕರ

ಬೇಸಗೆ ಬಂತೆಂದರೆ ನಾವೆಲ್ಲರೂ ಸೂರ್ಯನನ್ನು ಬಯ್ಯುತ್ತೇವೆ. ಆದರೆ ಆ ಸೂರ್ಯನ ಕೆಳಗೆ ನಾವೇ ಕಟ್ಟಿ, ಗಾಲಿ ಹಚ್ಚಿ ಓಡಿಸುತ್ತಿರುವ ಒಲೆಗಳನ್ನು ಯಾರೂ ಬಯ್ಯುವುದಿಲ್ಲ. ಹಳ್ಳಿಗಳಿಂದ ಭಾಲ್ಕಿಗೂ ಬೀದರಕ್ಕೂ ಔರಾದಕ್ಕೂ ಜನರನ್ನು ಹೊತ್ತು ತಿರುಗುವ ಬಸ್ಸು, ಟಂಟಂ, ಜೀಪುಗಳೇ ಆ ಒಲೆಗಳು. ಏಪ್ರಿಲ್ ತಿಂಗಳ ಮಧ್ಯಾಹ್ನ ಅವುಗಳ ಒಳಗಿನ ತಗಡನ್ನು ಮುಟ್ಟಿ ನೋಡಿದವರಿಗೆ ಈ ಮಾತು ಉತ್ಪ್ರೇಕ್ಷೆಯೆಂದು ತೋರಲಾರದು. ಅದರ ಜೊತೆಗೆ ಎಂಜಿನ್ನಿನ ಸಪ್ಪಳ. ಪಕ್ಕದಲ್ಲಿ ಕುಳಿತವರ ಮಾತು ಕೇಳದು, ಪುಸ್ತಕ ತೆರೆದರೆ ಕಣ್ಣು ನಿಲ್ಲದು. ಈ ಧಗೆ ಮತ್ತು ಸಪ್ಪಳ ಬಡವರ ಪ್ರಯಾಣಕ್ಕೆ ವಿಧಿ ಬರೆದ ಸುಂಕವಲ್ಲ, ನಮ್ಮ ಅಲಕ್ಷ್ಯಕ್ಕೆ ನಾವು ತೆರುತ್ತಿರುವ ದಂಡ ಎಂಬುದೇ ಈ ಲೇಖನದ ವಾದ.

ಕಲಾ ವಿಭಾಗದ ವಿದ್ಯಾರ್ಥಿಗೆ ಬಣ್ಣ, ಲೇಪ, ತಗಡುಗಳ ಗೊಡವೆ ಏಕೆಂದು ಕೆಲವರು ಕೇಳಬಹುದು. ಈ ವಾಹನಗಳಲ್ಲಿ ಪ್ರತಿದಿನ ಕುಳಿತು ಬರುವವರು ನಾವೇ ಅಲ್ಲವೆ? 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ನಮ್ಮ ಸಹಪಾಠಿನಿಯರಿಗೆ ಬಸ್ಸಿನ ಖರ್ಚು ಉಳಿಯಿತು. ಇದು ಸಂತೋಷದ ಸಂಗತಿ. ಆದರೆ ಟಿಕೇಟು ಉಚಿತವಾದ ಮಾತ್ರಕ್ಕೆ ಪ್ರಯಾಣ ಸುಖಕರವಾಗುವುದಿಲ್ಲ. ಬೆವರಿನಲ್ಲಿ ತೊಯ್ದು, ತಲೆ ಸಿಡಿಯುತ್ತ ತರಗತಿಗೆ ಬಂದು ಕುಳಿತವನಿಗೆ ಅಧ್ಯಾಪಕರ ಮೊದಲನೆಯ ಪಾಠ ಹತ್ತುವುದು ಕಷ್ಟ. ಪರೀಕ್ಷೆಯ ದಿನ ಇದೇ ಸಂಕಟ ಅಂಕಪಟ್ಟಿಯ ಮೇಲೂ ಬೀಳುತ್ತದೆ. ಊರಿನಲ್ಲೇ ಮನೆಯಿದ್ದು ನಡೆದು ಬರುವವನಿಗೂ ಹಳ್ಳಿಯಿಂದ ಬರುವವನಿಗೂ ಇರುವ ಅಂತರಗಳಲ್ಲಿ ಇದೂ ಒಂದು.

ನಮ್ಮ ಭಾಗಕ್ಕೆ ಮೋಟಾರು ಬಸ್ಸು ಹೊಸತೇನಲ್ಲ. ಬೀದರ ಆಗ ಸೇರಿದ್ದ ಹೈದರಾಬಾದ ಸಂಸ್ಥಾನದಲ್ಲಿ 1932ರಲ್ಲಿಯೇ ನಿಜಾಮ ಸರ್ಕಾರದ ರೈಲ್ವೆ ಇಲಾಖೆಯು 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆಯನ್ನು ಆರಂಭಿಸಿತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಆ ರಾಜ್ಯ ಕರ್ನಾಟಕವಾಯಿತು. 2019ರಲ್ಲಿ ನಮ್ಮ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದಿತು. ಇಷ್ಟು ಕಾಲದಲ್ಲಿ ಎಂಜಿನ್ನು ಸುಧಾರಿಸಿದೆ, ಗಾಲಿ ಸುಧಾರಿಸಿದೆ, ರಸ್ತೆಯೂ ಒಂದಿಷ್ಟು ಸುಧಾರಿಸಿದೆ. ನೆತ್ತಿಯ ಮೇಲಿನ ತಗಡು ಮಾತ್ರ ತಗಡಾಗಿಯೇ ಉಳಿದಿದೆ.

ನಮ್ಮ ಹಿರಿಯರಿಗೆ ಧಗೆಯನ್ನು ತಡೆಯುವ ವಿದ್ಯೆ ಗೊತ್ತಿರಲಿಲ್ಲವೆ? ಚೆನ್ನಾಗಿಯೇ ಗೊತ್ತಿತ್ತು. ಹಳೆಯ ಮಾಳಿಗೆ ಮನೆಗಳನ್ನು ನೋಡಿರಿ. ಜಂತಿ, ಅದರ ಮೇಲೆ ಹಲಗೆ ಅಥವಾ ಕಟ್ಟಿಗೆ, ಅದರ ಮೇಲೆ ದಪ್ಪನಾಗಿ ಹಾಸಿದ ಮಣ್ಣು. ಹಗಲಿನ ಬಿಸಿಲು ಆ ಮಣ್ಣನ್ನು ದಾಟಿ ಒಳಗೆ ಇಳಿಯುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಬೀದರದ ಮಹಮೂದ್ ಗವಾನನ ಮದರಸಾ 1472ರ ಕಟ್ಟಡ. ಅದರ ದಪ್ಪ ಗೋಡೆಗಳ ಮರೆಯಲ್ಲಿ ನಿಂತವರಿಗೆ ಹೊರಗಿನ ಬೇಸಗೆ ಮರೆತುಹೋಗುತ್ತದೆ. ಇದು ಭಾರವಾದ ವಸ್ತುವಿನ ಉಪಾಯ. ಇನ್ನೊಂದು ಉಪಾಯ ನಮ್ಮ ತಾಯಂದಿರು ಹೊಲಿಯುವ ಕೌದಿಯಲ್ಲಿಯೂ ಕುರುಬರು ನೇಯುವ ಕಂಬಳಿಯಲ್ಲಿಯೂ ಇದೆ. ಅಲ್ಲಿ ಶಾಖವನ್ನು ತಡೆಯುವುದು ಅರಿವೆಯಲ್ಲ, ಉಣ್ಣೆಯಲ್ಲ. ಅವುಗಳ ಎಳೆಗಳ ನಡುವೆ ಸಿಕ್ಕಿ ಅಲುಗದೆ ನಿಂತ ಗಾಳಿ. ಅಲುಗದ ಗಾಳಿಗೆ ಹೋಲಿಸಿದರೆ ಉಕ್ಕು ಸುಮಾರು 2000 ಪಟ್ಟು ಸುಲಭವಾಗಿ ಶಾಖವನ್ನು ದಾಟಿಸುತ್ತದೆ. ಚಳಿಗೆ ಹೊದೆಯುವ ಕಂಬಳಿಯನ್ನೇ ನೀರಿನ ಕೊಡಕ್ಕೆ ಸುತ್ತಿದರೆ ನೀರು ತಣ್ಣಗೆ ಉಳಿಯುವುದೂ ಇದೇ ಕಾರಣಕ್ಕೆ.

ಆದರೆ ಟಂಟಂ ತನ್ನ ತಲೆಯ ಮೇಲೆ ಒಂದು ಗೇಣು ಮಣ್ಣು ಹೊತ್ತು ಓಡಲಾರದು. ಆದುದರಿಂದ ತೆಳುವಾದ ಲೇಪವೊಂದರಿಂದಲೇ ಕೆಲಸವಾಗುವುದಾದರೆ ಎಷ್ಟು ಚೆನ್ನ ಎಂಬ ಆಸೆ ಜಗತ್ತಿನ ಎಲ್ಲೆಡೆಯೂ ಹುಟ್ಟಿದೆ. ವಿದೇಶಗಳಲ್ಲಿ ಕಾರಿನ ತಳಕ್ಕೂ ದೋಣಿಯ ಒಳಮೈಗೂ ಪಿಚಕಾರಿಯಿಂದ ಬಣ್ಣ ಹೊಡೆದಂತೆ ಹೊಡೆಯುವ ಲೇಪಗಳು ಮಾರಾಟಕ್ಕಿವೆ. ಅವುಗಳ ಬೆಲೆ ಕಂಡು ಬೆದರಿದ ಹವ್ಯಾಸಿಗಳು ಮನೆಯಲ್ಲಿಯೇ ಅಂಥದನ್ನು ಕಲಸಿಕೊಳ್ಳುತ್ತಾರೆ. ವಿಧಾನ ಸರಳ. ನೀರಿನಲ್ಲಿ ಕರಗುವ ಗೋಡೆಬಣ್ಣಕ್ಕೆ ಕಣ್ಣಿಗೆ ಹಿಟ್ಟಿನಂತೆ ಕಾಣುವ, ಒಳಗೆ ಪೊಳ್ಳಾದ ಗಾಜಿನ ಅಥವಾ ಪಿಂಗಾಣಿಯ ಸಣ್ಣ ಗೋಲಿಗಳನ್ನು ಬೆರೆಸುತ್ತಾರೆ. ಗಾಳಿಯ ಒತ್ತಡದ ಯಂತ್ರದಿಂದ ಅದನ್ನು ಪದರ ಪದರವಾಗಿ ತಗಡಿಗೆ ಹೊಡೆಯುತ್ತಾರೆ. ಒಂದೊಂದು ಗೋಲಿಯ ಹೊಟ್ಟೆಯಲ್ಲಿಯೂ ಒಂದಿಷ್ಟು ಗಾಳಿ. ಕೌದಿಯ ತತ್ವವೇ ಬಣ್ಣದ ವೇಷ ಹಾಕಿ ಬಂದಂತೆ.

ಇಂಥ ಪೊಳ್ಳು ಗೋಲಿಗಳಿಗಾಗಿ ಸಮುದ್ರ ದಾಟಬೇಕಾಗಿಲ್ಲ ಎಂಬುದು ಗಮನಿಸತಕ್ಕ ವಿಷಯ. ಕಲ್ಲಿದ್ದಲು ಉರಿಸುವ ವಿದ್ಯುತ್ ಸ್ಥಾವರಗಳ ಹಾರುಬೂದಿಯಲ್ಲಿ ಇವು ತಾವಾಗಿಯೇ ಹುಟ್ಟುತ್ತವೆ. ಬೂದಿಯನ್ನು ನೀರಿಗೆ ಬಿಟ್ಟಾಗ ಹಗುರಾದ ಇವು ಮೇಲೆ ತೇಲುತ್ತವೆ. ನಮ್ಮ ಕಲ್ಯಾಣ ಕರ್ನಾಟಕದಲ್ಲಿಯೇ ರಾಯಚೂರಿನ ಶಕ್ತಿನಗರದಲ್ಲಿ ಅಂಥ ಸ್ಥಾವರವಿದೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಎಂಬ ಗಾದೆ ನಮಗಾಗಿಯೇ ಹುಟ್ಟಿರಬೇಕು.

ಆದರೂ ವಸ್ತುಸ್ಥಿತಿಯನ್ನು ಮುಚ್ಚಿಡಬಾರದು. ಲೇಪವು ಮಂತ್ರದಂಡವಲ್ಲ. ಮಧ್ಯಾಹ್ನದ ಬಿಸಿಲು ಒಂದು ಚದರ ಮೀಟರು ಜಾಗದ ಮೇಲೆ ಸುಮಾರು 1000 ವ್ಯಾಟಿನಷ್ಟು ಶಾಖವನ್ನು ಸುರಿಯುತ್ತದೆ. ಬಸ್ಸಿನ ಮೇಲ್ಭಾಗ 20 ಚದರ ಮೀಟರು ಎಂದಿಟ್ಟುಕೊಂಡರೆ, ಸಾವಿರ ವ್ಯಾಟಿನ 20 ವಿದ್ಯುತ್ ಒಲೆಗಳು ನಮ್ಮ ನೆತ್ತಿಯ ಮೇಲೆ ಉರಿದಂತಾಯಿತು. ಕಪ್ಪು ಬಣ್ಣವು ಇದರಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ನುಂಗುತ್ತದೆ. ಹೊಸದಾಗಿ ಬಳಿದ ಒಳ್ಳೆಯ ಬಿಳಿ ಬಣ್ಣ ನೂರಕ್ಕೆ ಎಂಬತ್ತರಷ್ಟನ್ನು ಆಕಾಶಕ್ಕೆ ಹಿಂತಿರುಗಿಸುತ್ತದೆ. ಮನೆಯಲ್ಲಿ ಕಲಸಿದ ಲೇಪವನ್ನು ಹೊರಗೆ ಬಳಿದಾಗ ಸಿಗುವ ತಂಪಿನಲ್ಲಿ ಬಹುಪಾಲು ಅದರ ಬಿಳುಪಿನದು. ಗೋಲಿಗಳ ಪಾಲು ಚಿಕ್ಕದು. ಏಕೆಂದರೆ ಶಾಖ ದಾಟುವುದನ್ನು ತಡೆಯಲು ದಪ್ಪವೇ ಬೇಕು. ಒಂದೇ ಗುಣದ ವಸ್ತುವಾದರೂ 2 ಮಿಲಿಮೀಟರ್ ಲೇಪಕ್ಕಿಂತ 25 ಮಿಲಿಮೀಟರ್ ಹಾಸು 12 ಪಟ್ಟು ಹೆಚ್ಚು ತಡೆಯುತ್ತದೆ. ಆದುದರಿಂದ ಹೊರಗೆ ಬಿಳುಪು, ಒಳಗೆ ಉಣ್ಣೆ ಅಥವಾ ನಾರಿನ ದಪ್ಪ ಹಾಸು, ಅದರ ಕೆಳಗೆ ತೆಳು ಹೊದಿಕೆ: ಇದೇ ಸರಿಯಾದ ಕ್ರಮ. ನಮ್ಮ ದಾರಿಗಳ ಧೂಳು ಕೂತರೆ ಬಿಳುಪು ಮಾಸುವುದರಿಂದ ಆಗಾಗ ತೊಳೆಯುವುದೂ ಅವಶ್ಯ.

ಇನ್ನು ಸಪ್ಪಳದ ವಿಚಾರ. ಗುಡಿಯಲ್ಲಿ ಜಾಗಟೆ ಬಾರಿಸಿ ಅದರ ಮೇಲೆ ಅಂಗೈ ಇಟ್ಟರೆ ನಾದ ಥಟ್ಟನೆ ನಿಲ್ಲುತ್ತದೆ. ವಾಹನದ ತಗಡೂ ಒಂದು ಜಾಗಟೆಯೇ. ಎಂಜಿನ್ನು ಅದನ್ನು ನಿಮಿಷಕ್ಕೆ ಸಾವಿರಾರು ಸಲ ಬಾರಿಸುತ್ತದೆ. ಒಳಮೈಗೆ ರಬ್ಬರಿನಂತೆ ಬಾಗುವ ದಪ್ಪ ಲೇಪ ಹಚ್ಚಿದರೆ ಅದು ಅಂಗೈಯ ಕೆಲಸ ಮಾಡುತ್ತದೆ, ತಗಡಿನ ನಡುಕವನ್ನು ನುಂಗುತ್ತದೆ. ಈ ಒಂದು ಕೆಲಸದಲ್ಲಿ ತೆಳು ಲೇಪವೂ ನಿಜವಾಗಿ ಉಪಯೋಗಿ. ಆದರೆ ಗಾಳಿಯ ಮೂಲಕವೇ ಬರುವ ಶಬ್ದವನ್ನು ತಡೆಯಲು ಭಾರ ಬೇಕು. ತಡೆಯ ತೂಕವನ್ನು ಎರಡರಷ್ಟು ಮಾಡಿದರೆ ಸುಮಾರು 6 ಡೆಸಿಬಲ್ ಕಡಿಮೆಯಾಗುತ್ತದೆ. ಕಂಡಿಗಳನ್ನೂ ಮುಚ್ಚಬೇಕು. ಎಂಥ ಗಟ್ಟಿ ತಡೆಯಾದರೂ ಅದರಲ್ಲಿ ನೂರರಲ್ಲಿ ಒಂದು ಪಾಲು ತೆರೆದಿದ್ದರೆ 20 ಡೆಸಿಬಲ್‌ಗಿಂತ ಹೆಚ್ಚು ತಡೆ ಸಿಗದು. ಹಳ್ಳಿಯ ಬಸ್ಸಿನಲ್ಲಿ ಚಾಲಕನ ಪಕ್ಕದ ಎಂಜಿನ್ ಮುಚ್ಚಳದ ಮೇಲೆ ಗೋಣಿಚೀಲ ಮಡಚಿ ಹಾಕಿರುವುದನ್ನು ನಾವೆಲ್ಲ ಕಂಡಿದ್ದೇವೆ. ಆ ಚೀಲ ಕೂಡುವವರ ತೊಡೆಯನ್ನು ಕಾಪಾಡುತ್ತದೆ; ಆದರೆ ಮುಚ್ಚಳದ ಅಂಚಿನ ಸವೆದ ರಬ್ಬರನ್ನು ಬದಲಿಸದೆ ಸಪ್ಪಳ ತಗ್ಗುವುದಿಲ್ಲ.

ನಮ್ಮದು ಕಡಲಿಲ್ಲದ ಜಿಲ್ಲೆ. ಆದರೂ ದೋಣಿಯ ಮಾತು ನಮಗೆ ಪರಕೀಯವಲ್ಲ. ಹರಿಗೋಲಿನ ಬುಟ್ಟಿಗೆ ಹೊರಮೈಯಲ್ಲಿ ಡಾಂಬರು ಬಳಿಯುವ ಕ್ರಮ ಕನ್ನಡ ನಾಡಿನ ನದಿಗಳಲ್ಲಿ ಉಂಟು. ಕರಾವಳಿಯ ಮಲ್ಪೆ, ಮಂಗಳೂರುಗಳ ಯಂತ್ರದೋಣಿಗಳಲ್ಲಿ ಮೀನು ತುಂಬುವ ಕೋಣೆಗೆ ಮಂಜುಗಡ್ಡೆ ಕರಗದಂತೆ ನೊರೆಯಂಥ ಹಗುರ ವಸ್ತುವನ್ನು ದಪ್ಪವಾಗಿ ಒಳಸೇರಿಸುತ್ತಾರೆ. ಮೀನು ಕೆಟ್ಟರೆ ಮಾರುಕಟ್ಟೆಯಲ್ಲಿ ನಷ್ಟವಾಗುತ್ತದೆಂದು ಅಲ್ಲಿ ತಡೆಪದರದ ಬೆಲೆ ಎಲ್ಲರಿಗೂ ತಿಳಿದಿದೆ. ಮೀನಿಗೆ ಸಲ್ಲುವ ಈ ಕಾಳಜಿ ಮನುಷ್ಯನಿಗೆ ಸಲ್ಲಬಾರದೆ?

ಮನೆಯಲ್ಲಿಯೇ ಲೇಪ ಮಾಡಹೊರಡುವವರಿಗೆ ಕೆಲವು ಎಚ್ಚರಿಕೆಗಳನ್ನು ಹೇಳದಿದ್ದರೆ ತಪ್ಪಾದೀತು. ತುಕ್ಕನ್ನು ಉಜ್ಜಿ ತೆಗೆದು, ತುಕ್ಕು ತಡೆಯುವ ಬಣ್ಣ ಬಳಿದ ಮೇಲೆಯೇ ಲೇಪ ಹಚ್ಚಬೇಕು. ಇಲ್ಲವಾದರೆ ಲೇಪದ ಹಿಂದೆ ತೇವ ಸೇರಿ ತಗಡು ಒಳಗೊಳಗೇ ಕೊಳೆಯುತ್ತದೆ. ರಸ್ತೆಯ ಡಾಂಬರನ್ನು ಕಾಯಿಸಿ ಬಳಿಯುವುದು ಸಲ್ಲದು; ಅದು ಬಿಸಿಲಿಗೆ ಮೆತ್ತಗಾಗುತ್ತದೆ, ನಾರುತ್ತದೆ, ಬೆಂಕಿಗೆ ಆಹಾರವಾಗುತ್ತದೆ. ಥರ್ಮೋಕೋಲನ್ನು ಎಂಜಿನ್ನಿನ ಮತ್ತು ಹೊಗೆ ಕೊಳವೆಯ ಹತ್ತಿರ ಎಂದಿಗೂ ಇಡಬಾರದು. ಪೊಳ್ಳು ಗೋಲಿಗಳ ಹುಡಿ ಪುಪ್ಪುಸಕ್ಕೆ ಹೋಗದಂತೆ ಮುಖಕ್ಕೆ ಸರಿಯಾದ ಮುಸುಕು ಬೇಕು. ಎಂಜಿನ್ನಿಗೆ ಗಾಳಿ ಆಡುವ ದಾರಿಗಳನ್ನು ಮುಚ್ಚಿದರೆ ಎಂಜಿನ್ನೇ ಸುಟ್ಟೀತು. ವಾಹನದ ಹೊರಬಣ್ಣ ಬದಲಿಸುವ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ.

ಈ ವಿಷಯ ನನಗೆ ಕೇವಲ ಪುಸ್ತಕದ ವಿಷಯವಲ್ಲ. ನನ್ನ ತಂದೆಯವರು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವರು. ಹದಿನೆಂಟು ವರ್ಷಗಳಿಂದ ಟಂಟಂ ಓಡಿಸುತ್ತಿದ್ದಾರೆ. ನನ್ನ ಕಾಲೇಜಿನ ಶುಲ್ಕ ಆ ಸಪ್ಪಳದಿಂದಲೇ ಬಂದುದು. ಈಗ ಅವರಿಗೆ ನನ್ನ ತಂಗಿಯ ಮಾತು ಸರಿಯಾಗಿ ಕೇಳುವುದಿಲ್ಲ. ನನ್ನ ದಪ್ಪ ದನಿ ಕೇಳುತ್ತದೆ. ಅವಳು ಮೆಲ್ಲಗೆ ಮಾತಾಡುತ್ತಾಳೆಂದು ಅವರು ಗದರಿಸುತ್ತಾರೆ. ಸಪ್ಪಳದಿಂದ ಕೆಡುವ ಕಿವಿ ಮೊದಲು ಕಳೆದುಕೊಳ್ಳುವುದು ಏರುದನಿಗಳನ್ನೇ, ಎಂದರೆ ಮಕ್ಕಳ ಮತ್ತು ಹೆಣ್ಣುಮಕ್ಕಳ ದನಿಗಳನ್ನು ಹಾಗೂ ಸ, ಶ ಮುಂತಾದ ಅಕ್ಷರಗಳ ಸ್ಪಷ್ಟತೆಯನ್ನು ಎಂದು ಓದಿದ ಮೇಲೆಯೇ ನನಗೆ ಇದರ ಅರ್ಥ ತಿಳಿಯಿತು. ಕಿವಿಯ ಒಳಗೆ ಶಬ್ದವನ್ನು ಗ್ರಹಿಸುವ ಸೂಕ್ಷ್ಮ ರೋಮಕಣಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. 85 ಡೆಸಿಬಲ್ ಸಪ್ಪಳದಲ್ಲಿ ದಿನಕ್ಕೆ 8 ತಾಸು ಮೀರಿ ಇರಬಾರದೆಂದು ತಜ್ಞರ ಅಭಿಪ್ರಾಯ. ಅದು 88 ಆದರೆ 4 ತಾಸು, 91 ಆದರೆ 2 ತಾಸು ಮಾತ್ರ. ಹೀಗೆ ಮೂರು ಮೂರು ಏರಿದಂತೆ ಅವಧಿ ಅರ್ಧ ಅರ್ಧ ಇಳಿಯುತ್ತದೆ. ಇದನ್ನೇ ತಿರುಗಿಸಿ ನೋಡಿದರೆ, ಲೇಪ ಮತ್ತು ಹಾಸಿನಿಂದ ಬರೇ 3 ಡೆಸಿಬಲ್ ಇಳಿಸಿದರೂ ಚಾಲಕನ ಕಿವಿಗೆ ಬೀಳುವ ಹೊರೆ ಅರ್ಧಕ್ಕೆ ಇಳಿದಂತಾಯಿತು. ಸಣ್ಣ ಅಂಕಿಯೆಂದು ತಿರಸ್ಕರಿಸುವಂತಿಲ್ಲ.

ತಂದೆಯವರ ಮುಂದೆ ಈ ವಿಚಾರ ಎತ್ತಿದಾಗ ಅವರು ಹೇಳಿದ ಮಾತು ಹೀಗಿತ್ತು: "ಇಂಜಿನ್ ಸಪ್ಪಳಾ ಕೇಳಿದ್ರೇನೇ ಗಾಡಿ ಎಲ್ಲಿ ಕೆಟ್ಟದ ಅಂತ ತಿಳೀತದ. ಅದನ್ನೇ ಮುಚ್ಚಿಬಿಟ್ರ ಹ್ಯಾಂಗ?" ಇದು ಅನುಭವಿಯ ಮಾತು, ತಳ್ಳಿಹಾಕತಕ್ಕದ್ದಲ್ಲ. ಚಾಲಕನಿಗೆ ಕಣ್ಣಿನಷ್ಟೇ ಕಿವಿಯೂ ಉಪಕರಣ. ಆದರೆ ತಗಡಿನ ಗಡಗಡ ಅಡಗಿದಾಗ ಎಂಜಿನ್ನಿನ ನಿಜವಾದ ದನಿ ಹೆಚ್ಚು ಸ್ಪಷ್ಟವಾಗಿ ಕೇಳುತ್ತದೆ; ಜಾತ್ರೆಯ ಗದ್ದಲ ನಿಂತಾಗ ಪಕ್ಕದವನ ಮಾತು ಕೇಳುವಂತೆ. ಅದಕ್ಕಿಂತ ಮುಖ್ಯವಾಗಿ, ದೋಷವನ್ನು ಕಂಡುಹಿಡಿಯಬೇಕಾದ ಕಿವಿಯನ್ನೇ ಸಪ್ಪಳಕ್ಕೆ ಬಲಿಕೊಟ್ಟ ಮೇಲೆ ಹಿಂದಿನಿಂದ ಬರುವ ಲಾರಿಯ ಹಾರ್ನನ್ನು ಕೇಳುವವರು ಯಾರು? ಆಗ ಅಪಾಯ ಚಾಲಕನೊಬ್ಬನದೇ ಅಲ್ಲ, ಹಿಂದೆ ಕುಳಿತ ಹತ್ತು ಜನರದೂ ಹೌದು.

ಮತ್ತೆ ಕೆಲವರು, "ಇಷ್ಟೆಲ್ಲ ಏಕೆ, ಹವಾನಿಯಂತ್ರಿತ ವಾಹನಗಳು ಬಂದರೆ ಸಾಕು" ಎನ್ನುತ್ತಾರೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮೂರೂವರೆ ಟನ್ನಿಗಿಂತ ಹೆಚ್ಚಿನ ಲಾರಿಗಳಲ್ಲಿ ಚಾಲಕನ ಕೋಣೆಗೆ ಹವಾನಿಯಂತ್ರಣ ಇರಲೇಬೇಕೆಂದು ಕೇಂದ್ರ ಸರ್ಕಾರ ನಿಯಮ ಮಾಡಿದೆ. ಇದು ಸ್ವಾಗತಾರ್ಹ. ಚಾಲಕನೂ ಮನುಷ್ಯನೆಂದು ಕಾನೂನು ಒಪ್ಪಿಕೊಂಡಂತಾಯಿತು. ಆದರೆ ಮೂರು ಗಾಲಿಯ ಟಂಟಂ, ಕಬ್ಬು ಎಳೆಯುವ ಟ್ರಾಕ್ಟರು, ಈಗಾಗಲೇ ಓಡುತ್ತಿರುವ ಹಳೆಯ ಲಾರಿ ಆ ನಿಯಮದ ಹೊರಗೇ ಉಳಿದಿವೆ. ಅಲ್ಲದೆ ತಗಡು ಬರಿದಾಗಿದ್ದರೆ ಹವಾನಿಯಂತ್ರಣ ಮಾಡುವುದು ತೂತು ಮಡಕೆಗೆ ನೀರು ಹೊಯ್ದಂತೆ; ಎಣ್ಣೆ ಉರಿಯುತ್ತದೆ, ತಂಪು ಸೋರಿಹೋಗುತ್ತದೆ. ಮೊದಲು ತಡೆಪದರ, ಆಮೇಲೆ ಯಂತ್ರ.

ಸರ್ಕಾರಗಳು ಮನಸ್ಸು ಮಾಡಿದರೆ ಏನಾಗಬಹುದೆಂಬುದಕ್ಕೆ ಉದಾಹರಣೆಗಳಿವೆ. 2010ರ ಭೀಕರ ಬಿಸಿಗಾಳಿಯ ತರುವಾಯ ಅಹಮದಾಬಾದ ನಗರವು 2013ರಲ್ಲಿ ಬಿಸಿಗಾಳಿಯನ್ನು ಎದುರಿಸುವ ಯೋಜನೆ ರೂಪಿಸಿತು. ಮುಂದೆ ಬಡವರ ಮನೆಗಳ ಮಾಳಿಗೆಗೆ ಬಿಳಿ ಬಳಿಯುವ ಕೆಲಸವೂ ಅಲ್ಲಿ ನಡೆಯಿತು. ನಮ್ಮ ಗಡಿಗೆ ಹತ್ತಿದ ತೆಲಂಗಾಣ 2023ರಲ್ಲಿ ತಂಪು ಮಾಳಿಗೆಗಳ ನೀತಿಯನ್ನೇ ಪ್ರಕಟಿಸಿತು. ನಿಂತ ಮಾಳಿಗೆಗೆ ನೀತಿ ಬಂದಮೇಲೆ ಓಡುವ ಮಾಳಿಗೆಗೆ ಏಕೆ ಬರಬಾರದು? ಸಾರಿಗೆ ಸಂಸ್ಥೆಯ ಬಸ್ಸುಗಳು ದುರಸ್ತಿಗೆ ಹೋಗಿ ಬಣ್ಣ ಬಳಿಸಿಕೊಳ್ಳುವಾಗಲೇ ಮೇಲ್ಭಾಗಕ್ಕೆ ಬಿಳಿ ಬಳಿದು, ಎಂಜಿನ್ ಮುಚ್ಚಳದ ಒಳಮೈಗೆ ಬೆಂಕಿ ಹತ್ತದ ಹಾಸು ಹಾಕಿದರೆ ಹೆಚ್ಚಿನ ವೆಚ್ಚವೇನೂ ಆಗಲಾರದು.

ಇನ್ನೊಂದು ಮಾತನ್ನು ಭಾಷೆಯ ವಿದ್ಯಾರ್ಥಿಯಾಗಿ ಹೇಳಲೇಬೇಕು. ಬಣ್ಣದ ಡಬ್ಬಿಯ ಮೇಲಿನ ಸೂಚನೆ, ಎಚ್ಚರಿಕೆ ಎಲ್ಲವೂ ಇಂಗ್ಲಿಷಿನಲ್ಲಿ. ಅದನ್ನು ಕೈಯಾರೆ ಬಳಿಯುವ ಗ್ಯಾರೇಜಿನ ಹುಡುಗನಿಗೆ ಅದು ಓದಲು ಬಾರದು. ನಿಜಾಮರ ಕಾಲದಲ್ಲಿ ಭಾಲ್ಕಿಯ ಹಿರೇಮಠದ ಪೂಜ್ಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರೆಂಬುದನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಅವರು ಅಂದು ಉಳಿಸಿಕೊಟ್ಟ ಕನ್ನಡದಲ್ಲಿ ಇಂದು ನಾವು ಕವಿತೆ ಬರೆದರೆ ಸಾಲದು. ಶಾಖ ಹೇಗೆ ದಾಟುತ್ತದೆ, ಕಿವಿ ಹೇಗೆ ಕೆಡುತ್ತದೆ ಎಂಬುದನ್ನೂ ಬರೆಯಬೇಕು. ನಮ್ಮಂಥ ಮೊದಲನೆಯ ತಲೆಮಾರಿನ ಪದವೀಧರರು ಓದಿದ್ದನ್ನು ಮನೆಯವರ ಮಾತಿನಲ್ಲಿ ಮನೆಗೆ ಮುಟ್ಟಿಸದಿದ್ದರೆ ಆ ಪದವಿ ಗೋಡೆಗೆ ತೂಗುಹಾಕಿದ ಚೌಕಟ್ಟಷ್ಟೇ ಆದೀತು.

ಆದುದರಿಂದ ನಮ್ಮ ಕಾಲೇಜಿನ ಮುಂದೆ ಎರಡು ಸಣ್ಣ ಸಲಹೆಗಳನ್ನು ವಿನಯದಿಂದ ಇಡುತ್ತೇನೆ. ಮೊದಲನೆಯದು, ಮುಂದಿನ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಲ್ಲಿ ಒಂದೇ ಬಗೆಯ ಎರಡು ಟಂಟಂಗಳನ್ನು ಆರಿಸಿ, ಒಂದಕ್ಕೆ ಬಿಳಿ ಬಣ್ಣ, ಒಳಹಾಸು, ಲೇಪಗಳನ್ನು ಹಾಕಿ, ಇನ್ನೊಂದನ್ನು ಹಾಗೆಯೇ ಬಿಟ್ಟು, ಒಂದು ವಾರ ಉಷ್ಣಮಾಪಕದಿಂದ ಶಾಖವನ್ನೂ ಮೊಬೈಲಿನಿಂದ ಸಪ್ಪಳವನ್ನೂ ಅಳೆಯೋಣ. ಮೊಬೈಲಿನ ಅಳತೆ ಕರಾರುವಾಕ್ಕಾಗಿರದಿದ್ದರೂ ಎರಡರ ವ್ಯತ್ಯಾಸ ತಿಳಿಯಲು ಸಾಕು. ಖರ್ಚೆಷ್ಟು, ಫಲವೆಷ್ಟು ಎಂಬುದನ್ನು ಮುಂದಿನ ವರ್ಷದ ಇದೇ ಸಂಚಿಕೆಯಲ್ಲಿ ಪ್ರಕಟಿಸೋಣ. ಎರಡನೆಯದು, ವೈದ್ಯರನ್ನು ಕರೆಸಿ ಚಾಲಕರ ಕಿವಿಗಳ ತಪಾಸಣೆ ನಡೆಸೋಣ. ಎಷ್ಟು ಕೆಟ್ಟಿದೆಯೆಂದು ತಿಳಿದರೆ ತಾನೇ ಉಳಿದುದನ್ನು ಉಳಿಸಿಕೊಳ್ಳುವ ಮನಸ್ಸಾಗುವುದು?

ಇದರಲ್ಲಿ ದೊಡ್ಡ ಸಾಹಸವೇನೂ ಇಲ್ಲ. ಒಂದು ಡಬ್ಬಿ ಬಿಳಿ ಬಣ್ಣ, ಒಂದಿಷ್ಟು ಉಣ್ಣೆಯ ಹಾಸು, ಹೊಸ ರಬ್ಬರಿನ ಅಂಚು, ಸ್ವಲ್ಪ ತಿಳಿವಳಿಕೆ. ನಮ್ಮನ್ನು ಓದಿಗೆ ಮುಟ್ಟಿಸುವವರು ತಮ್ಮ ಮೈಯನ್ನು ಸುಟ್ಟುಕೊಂಡು, ಕಿವಿಯನ್ನು ಕಳೆದುಕೊಂಡು ನಮ್ಮನ್ನು ಮುಟ್ಟಿಸುತ್ತಿದ್ದಾರೆ. ನಾವು ಕಲಿತ ನಾಲ್ಕು ಅಕ್ಷರಗಳಲ್ಲಿ ಒಂದಾದರೂ ಅವರ ತಲೆಯ ಮೇಲಿನ ತಗಡನ್ನು ತಂಪು ಮಾಡಲಿ ಎಂಬುದು ನನ್ನ ಹಾರೈಕೆ.